ಹಸುರಿನೊಳಗಿನ ಭೇದ



ಬಾರ್ಡೋಲಿಯ ಕಬ್ಬಿನ ಗದ್ದೆಯಲ್ಲಿ ಹಸುರು ಬಣ್ಣ ಬಳಿದ ತಗಡಿನ ಮಾಡೊಂದಿದ್ದರೆ, ಮೇಲಿನಿಂದ ನೋಡುವ ಕಣ್ಣು ಮೋಸಹೋದೀತು. ಆದರೆ ಜೀವಂತ ಎಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಬಳಿದ ಸಾಮಾನ್ಯ ಬಣ್ಣಕ್ಕೆ ಆ ಗುಣವಿಲ್ಲ. ಸೊರಗಿದ ಎಲೆಯಲ್ಲಿಯೂ ಅದು ಕುಗ್ಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸೊಪ್ಪಿನ ಮರೆಯ ಶತ್ರುವನ್ನು ಪತ್ತೆಹಚ್ಚಿದ ಈ ಉಪಾಯದಿಂದಲೇ 1970ರಲ್ಲಿ ಪಿ. ಆರ್. ಪಿಷಾರೋಟಿಯವರ ತಂಡವು ಕೇರಳದ ತೆಂಗಿನ ರೋಗವನ್ನು ಹೆಲಿಕಾಪ್ಟರಿನಿಂದ ಗುರುತಿಸಿತು. 1988ರಲ್ಲಿ ಐ.ಆರ್.ಎಸ್.-1ಎ ಉಪಗ್ರಹವು ಮೇಲೇರಿದಾಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಅವರು ಸಂಶೋಧನೆ ಕಲಿತದ್ದು ಅಹಮದಾಬಾದಿನಲ್ಲಿ. ಆ ಉಪಗ್ರಹದ ಕ್ಯಾಮೆರಾಗಳು ಸಿದ್ಧವಾದುದೂ ಅಲ್ಲಿಯೇ.

ಅಡಗಿದ ಫಿರಂಗಿಯನ್ನು ಹುಡುಕಿದ ವಿದ್ಯೆ ರೈತನ ಬೆಳೆಯನ್ನು ಕಾಯುವಂತಾದುದು ನಮಗೆಲ್ಲ ಹರ್ಷದ ಸಂಗತಿ.