ಯಾವ ಪಟ್ಟಿಯಲ್ಲೂ ಇಲ್ಲದ ಕೆಲಸ

ನಾನು ಠಾಣೆಯ ನೌಪಾಡಾದಲ್ಲಿ ಮನೆಮನೆಗೆ ಹೋಗಿ ಫೇಶಿಯಲ್, ಮಸಾಜ್ ಮಾಡುವವಳು. ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಒಂದು ಬ್ಯಾಗು, ಒಂದು ಫೋನು, ಅಷ್ಟೇ.

2020ರ ಮಾರ್ಚ್ 25ರಿಂದ ದುಡಿಮೆ ಸೊನ್ನೆ. ಜೂನ್ 28ಕ್ಕೆ ಪಾರ್ಲರ್ ತೆರೆಯೋಕೆ ಬಿಟ್ಟರು ನೋಡಿ, ಕಟಿಂಗ್, ಡೈ, ವ್ಯಾಕ್ಸಿಂಗ್, ಥ್ರೆಡಿಂಗ್ ಮಾತ್ರ. ಮುಖ, ಮೈಚರ್ಮದ ಆರೈಕೆ ಬೇಡ ಅಂದ್ರು. ನನ್ನ ಹೊಟ್ಟೆಪಾಡು ಇದ್ದದ್ದೇ ಅದರಲ್ಲಿ! ಐದನೇ ದಿನ, ಜುಲೈ 2ಕ್ಕೆ, ಠಾಣೆ ಮತ್ತೆ ಬಂದ್.

ಸಾಲದ ಕಂತು ಆಗಸ್ಟ್ 31ರ ತನಕ ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಕಂತು ನಿಂತ್ರೂ ಬಡ್ಡಿ ನಿಲ್ಲಲ್ಲ ಅನ್ನೋದನ್ನ ನನಗೆ ತಿಳಿಸಿದ್ದು ಶಾಲೆ ಮೆಟ್ಟಿಲು ಹತ್ತದ ನಮ್ಮತ್ತೆ.

ಕರ್ನಾಟಕದಲ್ಲಿ ಆ ಮೇ 6ಕ್ಕೆ ಕ್ಷೌರಿಕರಿಗೆ 5,000 ರೂಪಾಯಿ ಘೋಷಿಸಿದಾಗ ಊರಿಂದ ಅಣ್ಣ ಫೋನ್ ಮಾಡಿ, "ನಿಂಗೂ ಬರುತ್ತಾ?" ಅಂದ. 2021ರ ಏಪ್ರಿಲ್‌ನಲ್ಲಿ ಇಲ್ಲಿ ನೋಂದಾಯಿತ ಬೀದಿ ವ್ಯಾಪಾರಿಗಳಿಗೆ, ಪರ್ಮಿಟ್ ಇರೋ ರಿಕ್ಷಾದವರಿಗೆ 1,500 ಅಂದ್ರು. ಎರಡೂ ಕಡೆ ನಾನಿಲ್ಲ.

ಆ ವರ್ಷ ಆಗಸ್ಟ್ 26ಕ್ಕೆ ಇ-ಶ್ರಮ್ ಶುರುವಾಯ್ತು. 16ರಿಂದ 59 ವಯಸ್ಸಿನವರಿಗೆ, ಆಧಾರ್ ಬೇಕು, ಫೀಸಿಲ್ಲ. ದುಡ್ಡು ಬಂದೇ ಬರುತ್ತೆ ಅಂತ ನಾನು ಹೇಳ್ತಿಲ್ಲ. ಕಾರ್ಡ್ ಮಾಡಿಸದ ಅಕ್ಕಂದಿರು ಇಲ್ಲಿದ್ರೆ, ಚಹಾದ ಹೊತ್ತಿಗೆ ನನ್ನ ಹತ್ರ ಬನ್ನಿ, ಫೋನಲ್ಲೇ ಮಾಡಿಕೊಡ್ತೀನಿ.