ಬಳ್ಳಾರಿಯ ದಾರಿಗಳು



ಒಂದು ಊರನ್ನು ಅರಿಯಬೇಕಾದರೆ ಅದರ ಕೋಟೆಯನ್ನೂ ಗುಡಿಯನ್ನೂ ನೋಡಿದರೆ ಸಾಲದು. ಆ ಊರಿಗೆ ಯಾವ ದಾರಿಗಳು ಬಂದು ಸೇರುವುವು, ಅವನ್ನು ಯಾರು, ಯಾವ ಪ್ರಯೋಜನಕ್ಕಾಗಿ ಹಾಕಿದರು ಎಂಬುದನ್ನೂ ವಿಚಾರಿಸಬೇಕು. ಇಂದು ನಾವು ಬಳ್ಳಾರಿ ನಗರವನ್ನೂ ಅದರ ನೆರೆಯ ಸಿರುಗುಪ್ಪ, ಕುರುಗೋಡು ಸೀಮೆಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವೆವು.

ನಗರದ ಗಾಂಧಿನಗರವೇ ಮೊದಲಾದ ಬಡಾವಣೆಗಳಿಂದ ಹೊರಟವನಿಗೆ ಎಲ್ಲಕ್ಕೂ ಗುರುತಾಗಿ ನಿಲ್ಲುವುದು ಹೆಬ್ಬಂಡೆಗಳ ಬಳ್ಳಾರಿ ಗುಡ್ಡ. ಅದರ ನೆರೆಯಲ್ಲಿ ಕುಂಬಾರ ಗುಡ್ಡ. ಸುತ್ತಲೂ ಎರೆಯ ಬಯಲು. ಮಳೆಯು ವರ್ಷಕ್ಕೆ ಸುಮಾರು 500 ಮಿಲಿಮೀಟರು ಮಾತ್ರ. ಪೂರ್ವದಲ್ಲಿ ಹಗರಿಯೆಂದು ಹೆಸರಾದ ವೇದಾವತಿಯು ಉತ್ತರಾಭಿಮುಖವಾಗಿ ಹರಿದು ತುಂಗಭದ್ರೆಯನ್ನು ಸೇರುವುದು. ಸಿರುಗುಪ್ಪವು ನಗರಕ್ಕೆ ಉತ್ತರದಲ್ಲಿ ಸುಮಾರು 55 ಕಿಲೋಮೀಟರು. ಕುರುಗೋಡು ವಾಯವ್ಯದಲ್ಲಿ ಸುಮಾರು 30 ಕಿಲೋಮೀಟರು.

ಈ ಬಯಲು ಎಂದೂ ನಿರ್ಜನವಾಗಿದ್ದುದಲ್ಲ. ನಗರದ ಸಮೀಪದ ಸಂಗನಕಲ್ಲಿನಲ್ಲಿಯೂ ಸಿರುಗುಪ್ಪದ ಸೀಮೆಯ ತೆಕ್ಕಲಕೋಟೆಯಲ್ಲಿಯೂ ನವಶಿಲಾಯುಗದ ಜನರ ನೆಲೆಗಳು ದೊರೆತಿವೆ. ಅದೇ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ನಿಟ್ಟೂರಿನದರಲ್ಲಿ ಆ ಚಕ್ರವರ್ತಿಯ ಹೆಸರೇ ಕಾಣುವುದು. ಓದಿ ಕೇಳಿಸಬೇಕೆಂದು ಬರೆಯಿಸಿದ ಮಾತನ್ನು ಜನಸಂಚಾರವಿಲ್ಲದೆಡೆ ಯಾರೂ ಕೊರೆಯಿಸರು. ಆದುದರಿಂದ ತುಂಗಭದ್ರೆಯ ಈ ತೀರದಲ್ಲಿ ಅಂದೇ ಜನರು ನಡೆದಾಡುತ್ತಿದ್ದರೆಂದು ನಾವು ಊಹಿಸಬಹುದು. ಮುಂದೆ ಕುರುಗೋಡು ಸಿಂದವಂಶದ ಅರಸರಿಗೆ ರಾಜಧಾನಿಯಾಯಿತು. ಅಲ್ಲಿಯ ದೊಡ್ಡಬಸವೇಶ್ವರನ ದರ್ಶನಕ್ಕೆ ಇಂದಿಗೂ ಜನರು ಹೋಗುವರು. ಆ ಕಾಲದಲ್ಲಿ ಬಳ್ಳಾರಿಗಿಂತ ಕುರುಗೋಡೇ ಹಿರಿದೆಂಬುದನ್ನು ನಗರವಾಸಿಗಳು ಮರೆಯಲಾಗದು.

ಬಳ್ಳಾರಿಯನ್ನು ಹಿರಿದುಮಾಡಿದುದು ಅದರ ಗುಡ್ಡ. ಮೇಲಣ ಕೋಟೆಯನ್ನು ಹನುಮಪ್ಪ ನಾಯಕನು ಕಟ್ಟಿಸಿದನು. ಕೆಳಗಣ ಕೋಟೆಯು ಹೈದರಾಲಿಯ ಕಾಲದ್ದು. ಅದನ್ನು ರಚಿಸಿದ ಫ್ರೆಂಚ್ ಶಿಲ್ಪಿಯು ಎದುರಿನ ಕುಂಬಾರ ಗುಡ್ಡವು ಇನ್ನೂ ಎತ್ತರವೆಂಬುದನ್ನು ಗಮನಿಸದಿದ್ದುದಕ್ಕಾಗಿ ಗಲ್ಲಿಗೇರಿದನೆಂದು ಜನರು ಹೇಳುವರು. ಕಥೆ ನಿಜವಿರಲಿ, ಇಲ್ಲದಿರಲಿ. ನೆರೆಯನ್ನು ಅರಿಯದೆ ಕಟ್ಟಿದ ಕೋಟೆ ನಿಲ್ಲದೆಂಬ ನೀತಿ ಅದರಲ್ಲಿ ಅಡಗಿದೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಮೊದಲ ಮುಖ್ಯ ಕಲೆಕ್ಟರನಾಗಿ ಬಂದನು. ಬಳ್ಳಾರಿಯು ದಂಡಿನ ಊರಾಯಿತು, ಕಚೇರಿಯ ಊರಾಯಿತು. ರೈಲುಹಾದಿಯೂ ಆ ಆಡಳಿತದ ಇಚ್ಛೆಯಂತೆ ಪೂರ್ವದ ಗುಂತಕಲ್ಲಿನ ಕಡೆಯಿಂದ ಬಂದು, ಊರನ್ನು ಮದ್ರಾಸಿಗೆ ಬಿಗಿದು ಕಟ್ಟಿತು.

ಆ ಹಾದಿಯ ಪರೀಕ್ಷೆಯು 1876-78ರ ಮಹಾಕ್ಷಾಮದಲ್ಲಿ ನಡೆಯಿತು. ಧಾತು ಈಶ್ವರ ಸಂವತ್ಸರಗಳ ಆ ಬರದಲ್ಲಿ ಧಾನ್ಯವು ರೈಲಿನಲ್ಲಿ ಬರುತ್ತಿದ್ದಿತು. ಆದರೆ ನಿಲ್ದಾಣದಿಂದ ಹಳ್ಳಿಗೆ ಅದನ್ನು ಒಯ್ಯುವವರಾರು? ಮೇವೂ ನೀರೂ ಇಲ್ಲದೆ ಎತ್ತುಗಳು ಸಾಯುತ್ತಿದ್ದುವು, ಗಾಡಿಗಳು ನಿಂತುವು. ಮೂಟೆಗಳು ನಿಲ್ದಾಣವನ್ನು ಮುಟ್ಟಿದ ಮಾತ್ರಕ್ಕೆ ಹಸಿದವನಿಗೆ ಅನ್ನವಾಗಲಿಲ್ಲ. ತರುವಾಯ ದಕ್ಷಿಣ ಮರಾಠಾ ರೈಲ್ವೆಯು ಕ್ಷಾಮನಿವಾರಣೆಯ ಉದ್ದೇಶದಿಂದಲೇ ಹೊಸಪೇಟೆ, ಗದಗು, ಹುಬ್ಬಳ್ಳಿಗಳ ಕಡೆಗೆ ಹಳಿಗಳನ್ನು ಹಾಕಿತು. ಬಳ್ಳಾರಿಗೆ ಪಶ್ಚಿಮದ ಕನ್ನಡನಾಡಿನ ಬಾಗಿಲು ಹೀಗೆ ತೆರೆಯಿತು.

ಹಳಿಗಳು ಒಂದು ಕಡೆಗೆ ಎಳೆದರೆ ನುಡಿಯು ಮತ್ತೊಂದು ಕಡೆಗೆ ಎಳೆಯುತ್ತಿದ್ದಿತು. ಮದ್ರಾಸಿನ ಆಡಳಿತದಲ್ಲಿದ್ದಾಗಲೇ, 1926ರಲ್ಲಿ, ಫ. ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಇಲ್ಲಿ ನೆರೆಯಿತು. ಇದೇ ನಗರವು ಬಳ್ಳಾರಿ ರಾಘವರಂತಹ ತೆಲುಗು ರಂಗದ ಮಹಾನಟರನ್ನೂ ಪೋಷಿಸಿತೆಂಬುದು ಅದರ ಹಿರಿಮೆಯೇ ಸರಿ. ಆಂಧ್ರರಾಜ್ಯವು ಹುಟ್ಟುವಾಗ ಬಳ್ಳಾರಿ ತಾಲ್ಲೂಕಿನ ವಿಷಯವು ಬಹು ವಿವಾದಕ್ಕೊಳಗಾಯಿತು. ನ್ಯಾಯಮೂರ್ತಿ ಮಿಶ್ರರ ವಿಚಾರಣೆಯ ತರುವಾಯ ಅದು ಮೈಸೂರಿಗೆ ಸಂದಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದುವು ಮೈಸೂರಿಗೂ ಸೇರಿದುವು. ಗಡಿ ಬದಲಾಯಿತು, ಹಳಿಗಳು ಬದಲಾಗಲಿಲ್ಲ. ಇಂದಿಗೂ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟವನು ಗುಂತಕಲ್ಲಿನ ಮೇಲೆಯೇ ಹೋಗಬೇಕು. ಚಿತ್ರದುರ್ಗದ ಕಡೆಗೆ ಹೋಗುವ ರೈಲುಮಾರ್ಗವೂ ರಾಯದುರ್ಗವನ್ನು ಹಾದೇ ಹೋಗುವುದು.

1953ರಲ್ಲಿಯೇ ತುಂಗಭದ್ರೆಯ ಅಣೆಕಟ್ಟೆಯಿಂದ ಕಾಲುವೆಗಳಿಗೆ ನೀರು ಹರಿಯತೊಡಗಿತು. ಬರಕ್ಕೆ ಹೆಸರಾಗಿದ್ದ ಸೀಮೆಯಲ್ಲಿ ಸಿರುಗುಪ್ಪವು ಬತ್ತದ ಕಣಜವಾಯಿತು. ಆದರೆ ಸಿರುಗುಪ್ಪಕ್ಕಾಗಲಿ ಕುರುಗೋಡಿಗಾಗಲಿ ರೈಲಿಲ್ಲ. ಸಂಡೂರಿನ ಅದುರಿಗೆ ಹಳಿಯುಂಟು. ಸಿರುಗುಪ್ಪದ ಅಕ್ಕಿಗೆ ಲಾರಿಯೇ ಗತಿ. ಸಿಂಧನೂರಿನಿಂದ ಸಿರುಗುಪ್ಪ, ಬಳ್ಳಾರಿಗಳ ಮೇಲೆ ಹಿರಿಯೂರಿಗೆ ಸಾಗುವ ಹೆದ್ದಾರಿಯೇ ಆ ಸೀಮೆಗೆ ಉಸಿರು. 2021ರಲ್ಲಿ ಹೊಸಪೇಟೆಯ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾಗಿ ಬೇರ್ಪಟ್ಟ ಮೇಲೆ, ಬಳ್ಳಾರಿಗೆ ಸಿರುಗುಪ್ಪ, ಕುರುಗೋಡುಗಳ ಸಂಬಂಧವು ಮೊದಲಿಗಿಂತ ಮುಖ್ಯವಾಗಿದೆ.

ದಂಡಿಗೆ ದಾರಿಯಾಯಿತು, ಕಚೇರಿಗೆ ದಾರಿಯಾಯಿತು, ಅದುರಿಗೂ ದಾರಿಯಾಯಿತು. ಹೊಲದಿಂದ ಪೇಟೆಗೆ, ಹಳ್ಳಿಯಿಂದ ಆಸ್ಪತ್ರೆಗೆ, ಮನೆಯಿಂದ ಶಾಲೆಗೆ ಹೋಗುವ ದಾರಿಯು ಎಷ್ಟು ಸುಗಮವಾಗಿದೆಯೆಂದು ಕೇಳುವುದು ನಮ್ಮ ಕಾಲದ ಕರ್ತವ್ಯ. ನಿಲ್ದಾಣದಲ್ಲಿಯೇ ಉಳಿದ ಧಾನ್ಯದ ಮೂಟೆಗಳು ಕಲಿಸಿದ ಪಾಠವಿದು: ದಾರಿಯ ಯೋಗ್ಯತೆಯನ್ನು ಅದು ಹೊರಟ ನಗರದಿಂದಲ್ಲ, ಅದು ಮುಟ್ಟಿದ ಕೊನೆಯ ಹಳ್ಳಿಯಿಂದ ಅಳೆಯಬೇಕು.