ಕಲ್ಲು ಉಳಿಯಿತು, ಜೋಳಿಗೆ ಉಳಿಯಲಿಲ್ಲ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸನ್ನತಿಯವರಾದ ನಮಗೆ ಕಲ್ಲಿನ ಬೆಲೆ ಹೊಸದಾಗಿ ಹೇಳಬೇಕಾಗಿಲ್ಲ. ಕನಗನಹಳ್ಳಿ ಸ್ತೂಪದ ಕಲ್ಲಿನಲ್ಲಿ ಕೊರೆದಿದ್ದರಿಂದ ಅಶೋಕ ರಾಜನ ಹೆಸರು, ರೂಪ ಎರಡೂ ನಮ್ಮವರೆಗೆ ಉಳಿದು ಬಂದವು. ಕಲ್ಲಿನದು ಉಳಿಯುತ್ತದೆ, ಕಟ್ಟಿಗೆಯದು ಮಣ್ಣಾಗುತ್ತದೆ. ಇಂದು ನಾವು ಮಣ್ಣಾದದ್ದರ ಬಗ್ಗೆ ಎರಡು ಮಾತು ಆಡಬಯಸುತ್ತೇವೆ.

ಸುರಪುರ ಸೀಮೆಯ ಹುಣಸಗಿ ಹತ್ತಿರ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ಮಾಡಿ, ಆದಿಮಾನವರು ಆಯುಧ ತಯಾರಿಸುತ್ತಿದ್ದ ಜಾಗವನ್ನೇ ಬೆಳಕಿಗೆ ತಂದರು. ನಮ್ಮ ಶಹಾಬಾದ್ ಕಲ್ಲಿನ ಬಳಗದ ಸುಣ್ಣಕಲ್ಲಿನಿಂದ ಅವರು ಕೈಗೊಡಲಿ ಮಾಡಿದ್ದಾರೆ. ಅದರ ಕಾಲ ಸುಮಾರು 12 ಲಕ್ಷ ವರ್ಷದ ಹಿಂದೆ ಎಂಬುದು ಒಂದು ಅಂದಾಜು.

ಕೊಡಲಿ ಕಂಡವರು ಬೇಟೆಗಾರನ ಚಿತ್ರ ಬರೆದರು. ಆದರೆ ದಿನಾಲೂ ಬೇಟೆ ಸಿಗ್ತದೇನು? ಹೊಟ್ಟೆಗೆ ಗೆಡ್ಡೆ, ಹಣ್ಣು, ಬೀಜ, ಸೊಪ್ಪೂ ಬೇಕು. ಅಗೆಯಲು ಚೂಪು ಕೋಲು ಬೇಕು, ಹೊತ್ತು ತರಲು ಬುಟ್ಟಿಯೋ ಚೀಲವೋ ಬೇಕು. ಇನ್ನು ಕೂಸು! ಮಂಗನ ಮರಿ ತಾಯಿಯ ಕೂದಲು ಹಿಡಿದು ಜೋತು ಬೀಳ್ತದ. ಮನುಷ್ಯರ ಕೂಸಿಗೆ ಹಿಡಿಯಲು ಕೂದಲೂ ಇಲ್ಲ, ಕಾಲಿಗೆ ಹಿಡಿತವೂ ಇಲ್ಲ, ಕತ್ತು ನಿಲ್ಲಲು ತಿಂಗಳುಗಳೇ ಬೇಕು. ಅದಕ್ಕೆ ನಾರು, ಬಳ್ಳಿ, ತೊಗಲಿನಿಂದ ಕೂಸನ್ನು ಮೈಗೆ ಕಟ್ಟಿಕೊಳ್ಳುವ ಜೋಳಿಗೆಯೇ ಮನುಷ್ಯನ ಮೊದಲ ಸಾಧನಗಳಲ್ಲಿ ಒಂದಾಗಿರಬೇಕೆಂದು ಅಮೆರಿಕದ ಸ್ಯಾಲಿ ಸ್ಲೋಕಮ್, ಏಡ್ರಿಯನ್ ಝಿಲ್ಮನ್ ಮೊದಲಾದ ವಿದ್ವಾಂಸೆಯರು 1970ರ ದಶಕದಲ್ಲಿ ವಾದಿಸಿದರು.

ಸಾಕ್ಷಿ ಎಲ್ಲಿ ಎಂದು ಕೇಳಬಹುದು. ಅಷ್ಟು ಹಳೆಯ ಜೋಳಿಗೆ ಸಿಕ್ಕಿಲ್ಲ, ಸಿಗುವಂಥದ್ದೂ ಅಲ್ಲ. ಆದರೆ ಆಫ್ರಿಕದ ಜಾಂಬಿಯಾದಲ್ಲಿ, ಕಲಾಂಬೊ ಜಲಪಾತದ ಬಳಿ, ನೀರು ನಿಂತ ನೆಲದಲ್ಲಿ ಹುಗಿದಿದ್ದರಿಂದ ಸುಮಾರು 4,76,000 ವರ್ಷದ ಹಿಂದೆ ಕಚ್ಚು ಹಾಕಿ ಜೋಡಿಸಿದ ಎರಡು ದಿಮ್ಮಿಗಳು ಉಳಿದಿವೆ. ಅಲ್ಲೇ ಅಗೆಯುವ ಕೋಲೂ ಸಿಕ್ಕಿದೆ. ಈ ಸುದ್ದಿ ಜಗತ್ತಿಗೆ ತಿಳಿದದ್ದು 2023ರಲ್ಲಿ. ಅಂದರೆ ಕಾಣದ್ದು ಇರಲೇ ಇಲ್ಲ ಎನ್ನಲು ಬಾರದು.

ಬದುವಿನ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ, ಕೂಸು ಮಲಗಿಸಿ, ತೊಗರಿ ಹೊಲದಾಗ ಕಸ ತೆಗೆಯುವ ಅವ್ವನನ್ನು ನಾವೆಲ್ಲ ಕಂಡವರೇ. ತೊಗರಿ ಕಟ್ಟಿಗೆಯ ಬುಟ್ಟಿ ನಾಕು ದಿನಕ್ಕ ಹಾಳಾಗ್ತದ. ಆಕೆಯ ದುಡಿಮೆಯೂ ಹಂಗೇ, ಉಂಡ ಮೇಲೆ ಗುರುತಿಲ್ಲ. ಪಹಣಿಯಲ್ಲಿ ಗಂಡನ ಹೆಸರು, ನಮ್ಮ ಶೇರು ರಿಜಿಸ್ಟರಿನಲ್ಲೂ ಬಹುತೇಕ ಗಂಡಸರ ಹೆಸರು. ಮುಂದೆ ಯಾರಾದರೂ ಈ ದಫ್ತರ ತೆಗೆದು ನೋಡಿದರೆ, ಈ ಊರಾಗ ಹೆಂಗಸರು ಒಕ್ಕಲುತನ ಮಾಡಲೇ ಇಲ್ಲ ಅಂದಾರು. ಇಪ್ಪತ್ತೈದು ವರ್ಷದ ಈ ತಪ್ಪು ನಮ್ಮೆಲ್ಲರದು.

ಬರುವ ವಾರ್ಷಿಕ ಮಹಾಸಭೆಯೊಳಗೆ ಮನೆಗೊಬ್ಬ ತಾಯಿಯನ್ನಾದರೂ ಸದಸ್ಯಳನ್ನಾಗಿ ಮಾಡೋಣ. ಆಕೆಯ ಹೆಸರು ಕಲ್ಲಿನಲ್ಲಿ ಬೇಡ, ರಿಜಿಸ್ಟರಿನಲ್ಲಿ ಇರಲಿ.